ಎರಡು ರೂಪಾಯಿ ಸೀಬೆಹಣ್ಣಿಗೆ ಉಳಿಯುತ್ತಿದ್ದ ಜೀವ

ಕಳೆದ ವಾರ ಹಳೆ ಬಸ್ ಸ್ಟ್ಯಾಂಡ್ ಎದುರಿನ ಸ್ಟೇಷನರಿ ಅಂಗಡಿಯೊಂದು ನಡು ಮಧ್ಯಾಹ್ನ ಎರಡು ಗಂಟೆ ಕಾಲ ಬಾಗಿಲು ಹಾಕಿತ್ತು. ಸ್ಕೂಲು ಶುರುವಾಗುವ ಸೀಜನ್ನಿನಲ್ಲಿ ಬಾಗಿಲು ಹಾಕುವುದೆಂದರೆ ವ್ಯಾಪಾರಿಗೆ ಏನು ನಷ್ಟ ಅಂತ ವ್ಯಾಪಾರಿಗಳಿಗೇ ಗೊತ್ತು. ಕಾರಣ ಕೇಳಿದರೆ ಕೆಲವರು ನಗಬಹುದು. ಮಾಲೀಕರ ಮಗಳು ಸಾಕಿದ್ದ ಗಿನಿಪಿಗ್ ಸತ್ತಿತ್ತು. ಅಪ್ಪ ಬಂದು ಹಿತ್ತಲಲ್ಲಿ ಗುಂಡಿ ತೋಡಿ ಹೂಳುವ ತನಕ ಅನ್ನ ಮುಟ್ಟೋದಿಲ್ಲ ಅಂತ ಹುಡುಗಿ ಹಟ ಹಿಡಿದಿದ್ದಳು.

ನಗುವವರು ನಗಲಿ. ಆದರೆ ಆ ಪ್ರಾಣಿ ಸತ್ತದ್ದು ಕಾಯಿಲೆಯಿಂದಲ್ಲ, ಔಷಧಿಯಿಂದ. ಹಾಗಾಗಿ ಈ ಅಂಕಣ.

ನಡೆದದ್ದು ಇಷ್ಟು. ಹದಿನೈದು ದಿನದಿಂದ ಅದು ಹಿಂಗಾಲು ಎಳೆಯುತ್ತಿತ್ತು. ಮುಟ್ಟಿದರೆ ಕಿರುಚುತ್ತಿತ್ತು. ಮೇವು ಬಿಟ್ಟಿತು. ಮಾಲೀಕರು ಪಶು ಆಸ್ಪತ್ರೆಗೆ ಒಯ್ದರು. ಅಲ್ಲಿ ಕರುಗಳ ಸಾಲು. ಡಾಕ್ಟರು ಹಳ್ಳಿಗೆ ಹೋಗಿದ್ದರು. ಇದ್ದ ಸಿಬ್ಬಂದಿ ಬುಟ್ಟಿಯೊಳಗೆ ಇಣುಕಿ, ‘ಇಲಿಗೆಲ್ಲಾ ನಮ್ಮಲ್ಲಿ ಮದ್ದಿಲ್ಲ ಯಜಮಾನ್ರೇ’ ಅಂದರು. ಬರುವ ದಾರಿಯಲ್ಲಿ ಮೆಡಿಕಲ್ ಷಾಪು ಸಿಕ್ಕಿತು. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ಪು ಕೈಗೆ ಬಂತು. ಚೀಟಿ ಯಾರೂ ಕೇಳಲಿಲ್ಲ. ದಿನಕ್ಕೆರಡು ಸಲ ನಾಲ್ಕು ನಾಲ್ಕು ಹನಿ. ಮೂರನೇ ದಿನ ಭೇದಿ ಹತ್ತಿತು, ಐದನೇ ದಿನ ಮುಗಿಯಿತು.

ಪೆನ್ಸಿಲಿನ್ ಜಾತಿಯ ಈ ಔಷಧಿ ನಮಗೆ ಅಮೃತ, ಗಿನಿಪಿಗ್ಗಿಗೆ ಮತ್ತು ಹ್ಯಾಮ್‌ಸ್ಟರಿಗೆ ವಿಷ. ಗಿನಿಪಿಗ್ಗಿನ ಕರುಳಲ್ಲಿ ಹುಲ್ಲು ಅರಗಿಸಿಕೊಡುವ ಒಳ್ಳೆಯ ಕ್ರಿಮಿಗಳ ದೊಡ್ಡ ದಂಡೇ ಇರುತ್ತದೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಹೊಟ್ಟೆಗೆ ಹೋದರೆ ಮೊದಲು ಸಾಯುವುದು ಆ ದಂಡು. ಖಾಲಿಯಾದ ಜಾಗಕ್ಕೆ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಕ್ರಿಮಿ ಬಂದು ಬಿಡಾರ ಹೂಡಿ ವಿಷ ಕಾರುತ್ತದೆ. ತಮಾಷೆ ನೋಡಿ, ಅದೇ ಔಷಧಿಯನ್ನು ಸಾಕಿದ ಬಿಳಿ ಇಲಿ ಸುಮಾರಾಗಿ ತಡೆದುಕೊಳ್ಳುತ್ತದೆ. ನೋಡಲಿಕ್ಕೆ ಎಲ್ಲಾ ಇಲಿಯೇ, ಹೊಟ್ಟೆ ಬೇರೆ ಬೇರೆ. ಅಂದಾಜಿನ ವೈದ್ಯ ಇಲ್ಲಿ ನಡೆಯೋದಿಲ್ಲ.

ಹಾಗಾದರೆ ಅದಕ್ಕೆ ಮೊದಲು ಆಗಿದ್ದಾದರೂ ಏನು? ನಿವೃತ್ತ ಪಶುವೈದ್ಯರೊಬ್ಬರ ಮನೆಗೆ ಹೋಗಿ ಕೇಳಿದೆ. ಹಿಂಗಾಲು ಎಳೆತ, ಗಂಟು ಊತ, ಮುಟ್ಟಿದರೆ ಕಿರುಚಾಟ ಅಂದ ಕೂಡಲೇ ಅವರು ಕೇಳಿದ್ದು ಒಂದೇ ಮಾತು, ‘ತಿನ್ನಲಿಕ್ಕೆ ಏನು ಹಾಕ್ತಿದ್ರಂತೆ?’ ಹಾಕುತ್ತಿದ್ದದ್ದು ಅಂಗಡಿಯವನು ಕೊಟ್ಟ ಮೊಲದ ತಿಂಡಿ, ಬರೀ ಅದೇ. ಸಿ ಜೀವಸತ್ವದ ಕೊರತೆ ಇರಬೇಕು ಅಂದರು.

ನಾಯಿ, ಬೆಕ್ಕು, ದನ, ಇಲಿ ಇವೆಲ್ಲ ಸಿ ಜೀವಸತ್ವವನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಭಾಗ್ಯವಿಲ್ಲ, ಗಿನಿಪಿಗ್ಗಿಗೂ ಇಲ್ಲ. ಎರಡು ಮೂರು ವಾರ ಸಿಗದಿದ್ದರೆ ಒಸಡಲ್ಲಿ, ಗಂಟುಗಳಲ್ಲಿ ರಕ್ತ ಒಸರುತ್ತದೆ. ಇದೇ ಸ್ಕರ್ವಿ, ಹಿಂದಿನ ಕಾಲದಲ್ಲಿ ಹಡಗಿನ ನಾವಿಕರನ್ನು ಕೊಂದ ರೋಗ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರಲಿಕ್ ಎಂಬಿಬ್ಬರು ಗಿನಿಪಿಗ್ಗಿಗೆ ಬರೀ ಧಾನ್ಯ ತಿನ್ನಿಸಿ ಈ ರೋಗ ಬರಿಸಿ ತೋರಿಸಿದ ಮೇಲೆಯೇ ಮನುಷ್ಯನ ಸ್ಕರ್ವಿಯ ಗುಟ್ಟು ಒಡೆಯಲು ದಾರಿಯಾದದ್ದು. ನಮ್ಮ ಒಸಡು ಉಳಿಸಿದ ಪ್ರಾಣಿ ನೂರು ವರ್ಷ ದಾಟಿದ ಮೇಲೂ ನಮ್ಮ ಬಸ್ ಸ್ಟ್ಯಾಂಡಿನ ಎದುರು ಅದೇ ರೋಗದಿಂದ ನರಳುತ್ತಿದೆ.

ಬೇಕಾದದ್ದೆಷ್ಟು? ಒಂದು ಕಿಲೋ ತೂಕದ ಪ್ರಾಣಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ. ನೂರು ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ಇದೆ. ವ್ಯಾಪಾರಿಗಳೇ, ಲೆಕ್ಕ ನೀವೇ ಹಾಕಿ. ಹೆಬ್ಬೆರಳಿನಷ್ಟು ಒಂದು ಹೋಳು ಸಾಕು. ದಪ್ಪ ಮೆಣಸಿನಕಾಯಿ ಚೂರೂ ಆದೀತು, ಜೊತೆಗೆ ಒಣಹುಲ್ಲು ಯಾವಾಗಲೂ ಇರಬೇಕು. ಹುಲ್ಲಿಲ್ಲದಿದ್ದರೆ ಹಲ್ಲು ಸವೆಯೋದಿಲ್ಲ. ಇವುಗಳ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಬೆಳೆದ ಹಲ್ಲು ಬಾಯಿಗೆ ಅಡ್ಡ ಬಂದರೆ ಮುಂದಿಟ್ಟ ಮೇವನ್ನೂ ತಿನ್ನಲಾಗದೆ ಉಪವಾಸ ಬೀಳುತ್ತವೆ. ಗಿನಿಪಿಗ್ಗಿಗೆಂದೇ ಮಾಡಿದ ತಿಂಡಿಯಲ್ಲಿ ಸಿ ಜೀವಸತ್ವ ಸೇರಿಸಿರುತ್ತಾರೆ ನಿಜ. ಆದರೆ ತಯಾರಾಗಿ ಮೂರು ತಿಂಗಳಾದರೆ ಅರ್ಧ ಹೋಗಿರುತ್ತದೆ. ಬಾಯಿ ಬಿಚ್ಚಿದ ಚೀಲದಿಂದ ತೂಗಿ ಕೊಡುವ ಮಾಲಿಗೆ ತಾರೀಖು ಎಲ್ಲಿಂದ ಬರಬೇಕು?

ಇನ್ನು ಹ್ಯಾಮ್‌ಸ್ಟರ್ ಕಥೆ. ನಮ್ಮೂರಿಗೆ ಇವು ಬರುವುದು ರಾತ್ರಿ ಬಸ್ಸಿನಲ್ಲಿ, ಲಗೇಜಿನ ಜೊತೆ, ತೂತು ಕೊರೆದ ರಟ್ಟಿನ ಡಬ್ಬದಲ್ಲಿ. ಬೆಳಗಿನ ಬಸ್ಸಿಗೆ ಕಾಯುವವರು ನೋಡಿಯೇ ಇರುತ್ತೀರಿ. ತಾಯಿ ಹಾಲು ಬಿಡಿಸಿದ ತಕ್ಷಣ ಪ್ರಯಾಣ, ಹೊಸ ನೀರು, ಕಿಕ್ಕಿರಿದ ಪಂಜರ. ಮೂರರಿಂದ ಎಂಟು ವಾರದ ಮರಿಗಳಿಗೆ ‘ಒದ್ದೆ ಬಾಲ’ ಎಂಬ ಭೇದಿ ಹತ್ತುವುದು ಇಂಥ ಹೊತ್ತಿನಲ್ಲೇ. ಬಾಲದ ಬುಡ ಒದ್ದೆಯಾಗಿ, ಬೆನ್ನು ಗೂನು ಮಾಡಿ ಮೂಲೆ ಸೇರಿದರೆ ಎರಡು ದಿನದಲ್ಲಿ ಕಥೆ ಮುಗಿಯಬಹುದು. ಕೊಂಡವರು ‘ನಮ್ಮ ಕೈಗುಣ ಸರಿಯಿಲ್ಲ’ ಅಂದುಕೊಂಡು ಮತ್ತೊಂದು ಜೋಡಿ ತರುತ್ತಾರೆ. ಅಂಗಡಿಯವನಿಗೆ ಇನ್ನೇನು ಬೇಕು ಸ್ವಾಮಿ?

ಪಶುವೈದ್ಯರನ್ನೇ ಬೈದು ಪ್ರಯೋಜನವಿಲ್ಲ. ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆ, ದಿನಾ ಹಸುಗಳ ಗರ್ಭಧಾರಣೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಅವರು ಪಟ್ಟ ಪಾಡು ಹಳ್ಳಿಯವರಿಗೆ ಗೊತ್ತು. ರೈತನ ಹಸು ಮುಂದೆ, ಪೇಟೆಯ ಇಲಿ ಹಿಂದೆ, ಅದು ನ್ಯಾಯವೇ. ಆದರೆ ‘ಮದ್ದಿಲ್ಲ’ ಅಂದು ಕಳಿಸುವ ಬದಲು ‘ಶಿವಮೊಗ್ಗ, ಹಾಸನ, ಬೀದರ್, ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿದೆ, ಅಲ್ಲಿ ವಿಚಾರಿಸಿ, ಅಲ್ಲಿಯವರೆಗೆ ಮನುಷ್ಯರ ಔಷಧಿ ಹಾಕಬೇಡಿ’ ಅಂತ ಹೇಳಲಿಕ್ಕೆ ಖರ್ಚೇನೂ ಇಲ್ಲವಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೇ ಇಷ್ಟು ತಿಳಿಯಲು ಒಂದು ಸಂಜೆ ಸಾಕಾಯಿತು.

ಬೈಯಬೇಕಾದದ್ದು ಬೇರೆ ಕಡೆ. 2018ರಲ್ಲಿ ಕೇಂದ್ರ ಸರ್ಕಾರ ಸಾಕುಪ್ರಾಣಿ ಅಂಗಡಿಗಳಿಗೆ ನಿಯಮ ಮಾಡಿತು. ನಾಯಿ ಬೆಕ್ಕಿನ ಜೊತೆಗೆ ಗಿನಿಪಿಗ್, ಹ್ಯಾಮ್‌ಸ್ಟರ್, ಇಲಿ ಎಂದು ಹೆಸರು ಹಿಡಿದೇ ಅದರಲ್ಲಿ ಬರೆದಿದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಯಾರೂ ಮಾರುವಂತಿಲ್ಲ. ನಮ್ಮ ಪೇಟೆಯಲ್ಲಿ ನಾನು ನಾಲ್ಕು ಅಂಗಡಿ ಸುತ್ತಿದೆ. ಗೋಡೆಯ ಮೇಲೆ ಲಕ್ಷ್ಮಿ ಫೋಟೋ ಇತ್ತು, ನೋಂದಣಿ ಪತ್ರ ಒಂದರಲ್ಲೂ ಕಾಣಲಿಲ್ಲ. ಒಬ್ಬ ಮಾಲೀಕರು, ‘ಅದು ಬೆಂಗಳೂರಿನವರಿಗೆ ಸಾರ್’ ಅಂದರು. ಹೆದರಿಕೆಯಾದರೂ ಯಾಕಿರಬೇಕು? 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಮೊದಲ ತಪ್ಪಿಗೆ ಹೇಳುವ ದಂಡ 10ರಿಂದ 50 ರೂಪಾಯಿ. ಒಂದು ಜೋಡಿ ಹ್ಯಾಮ್‌ಸ್ಟರ್ ಮಾರಿದರೆ ಹತ್ತು ಸಲ ದಂಡ ಕಟ್ಟಬಹುದು.

ಮೆಡಿಕಲ್ ಷಾಪಿನವರ ಮಾತೂ ಬಂತು. ಅಮಾಕ್ಸಿಸಿಲಿನ್ ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲದ ಔಷಧಿ. ಇವತ್ತು ಗಿನಿಪಿಗ್ಗಿಗೆ ಅಂತ ಕೊಟ್ಟವರು ನಾಳೆ ಯಾರ ಮಗುವಿಗೆ ಕೊಡುತ್ತಾರೋ.

ಈಗಾಗಲೇ ಮನೆಯಲ್ಲಿ ಸಾಕಿಕೊಂಡವರಿಗೆ ಒಂದೆರಡು ಮಾತು. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಇದ್ದೇ ಇದೆ, ವಾರಕ್ಕೊಮ್ಮೆ ತೂಗಿ ಬರೆದಿಡಿ. ಕಾಯಿಲೆ ಕಣ್ಣಿಗೆ ಬೀಳುವ ಮೊದಲೇ ತೂಕ ಇಳಿದಿರುತ್ತದೆ. ಗಿನಿಪಿಗ್ ಒಂದು ದಿನ ಮೇವು ಬಿಟ್ಟರೂ ಕಾಯಬೇಡಿ. ಶೀಟಿನ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಪಂಜರ ಇಡಲೇಬಾರದು. 30 ಡಿಗ್ರಿ ದಾಟಿದರೆ ಅದಕ್ಕೆ ಬಿಸಿಲ ಹೊಡೆತ. ಮೈಮೇಲೆ ಕೂದಲುದುರಿ ದುಂಡನೆ ಕಲೆ ಕಂಡರೆ ಹುಳುಕಡ್ಡಿ ಇರಬಹುದು, ಅದು ಮಕ್ಕಳ ಕೈಗೂ ಹತ್ತುತ್ತದೆ. ರಾತ್ರಿ ಹೆಂಚಿನ ಮೇಲೆ ಓಡಾಡುವ ಇಲಿಗಳು ಪಂಜರದ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ, ಇಲಿಜ್ವರ ಹರಡುವುದು ಅವುಗಳ ಮೂತ್ರದಿಂದ.

ಸ್ಟೇಷನರಿ ಅಂಗಡಿಯ ಪಂಜರ ಈಗ ಗಲ್ಲಾಪೆಟ್ಟಿಗೆ ಪಕ್ಕದಲ್ಲಿದೆ, ಹಳೆ ರಸೀದಿ ಪುಸ್ತಕ ತುಂಬಿಟ್ಟಿದ್ದಾರೆ. ಮುಂದಿನ ರಟ್ಟಿನ ಡಬ್ಬ ಮಂಗಳವಾರ ಬೆಳಿಗ್ಗೆ ಇಳಿಯುತ್ತದಂತೆ. ಜಿಲ್ಲೆಯಲ್ಲಿ ಎಷ್ಟು ಅಂಗಡಿಗೆ ನೋಂದಣಿ ಇದೆ ಅಂತ ಪಶುಪಾಲನಾ ಇಲಾಖೆಗೆ ಬರೆದು ಕೇಳಿದ್ದೇನೆ. ಉತ್ತರ ಬಂದರೆ ಇಲ್ಲೇ ಅಚ್ಚಾಗುತ್ತದೆ.