ನಮ್ಮ ಮಾತು: ಉಪ್ಪಿನ ಲೆಕ್ಕ



ಈಚಿನ ವರ್ಷಗಳಲ್ಲಿ ಹೈಸ್ಕೂಲು ಮಕ್ಕಳಿಗಾಗಿ ಒಂದು ಹೊಸ ಬಗೆಯ ಸ್ಪರ್ಧೆ ಬಳಕೆಗೆ ಬಂದಿದೆ. ಊರಿನ ಯಾವುದಾದರೊಂದು ಕಷ್ಟವನ್ನು, ಅದು ನೀರಿನದಿರಲಿ, ಕಸದ್ದಿರಲಿ, ಕಾಯಿಲೆಯದಿರಲಿ, ಮಕ್ಕಳು ಆರಿಸಿಕೊಳ್ಳಬೇಕು. ಅದಕ್ಕೆ ಸಂಬಂಧಪಟ್ಟ ಅಂಕಿ ಅಂಶಗಳನ್ನು ಕೂಡಿಹಾಕಿ, ಕಂಪ್ಯೂಟರಿನ ನೆರವಿನಿಂದ ವಿಂಗಡಿಸಿ, ಪರಿಹಾರದ ದಾರಿಯನ್ನು ತೋರಿಸಬೇಕು. ಈ ವಿದ್ಯೆಗೆ ಡೇಟಾ ಸೈನ್ಸ್ ಎಂದು ಹೆಸರು. ಸಿ.ಬಿ.ಎಸ್.ಇ. ಮಂಡಲಿಯು 2021ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೂ ಇದರ ಪಾಠಕ್ಕೆ ಅವಕಾಶ ಮಾಡಿಕೊಟ್ಟಿತು.

ಇಂಥದರ ಸುದ್ದಿ ಬಂದಾಗ ತಂದೆತಾಯಿಗಳು ಕೇಳುವ ಮೊದಲನೆಯ ಪ್ರಶ್ನೆ, ಇದರಿಂದ ಮಾರ್ಕು ಹೆಚ್ಚುವುದೇ ಎಂದು. ಎರಡನೆಯದು, ಮನೆಯಲ್ಲಿ ಕಂಪ್ಯೂಟರಿಲ್ಲದ ಮಗು ಏನು ಮಾಡಬೇಕು ಎಂದು. ಪರವೂರಿನಲ್ಲಿ ಮನೆ ಬಾಡಿಗೆ, ಶಾಲೆಯ ಫೀಸು, ಲೋಕಲ್ ಗಾಡಿಯ ಪಾಸು ಎಲ್ಲವನ್ನೂ ಹೊಂದಿಸಿಕೊಂಡು ಮಕ್ಕಳನ್ನು ಓದಿಸುವವರು ಹೀಗೆ ಕೇಳುವುದು ಸಹಜವೇ. ಎರಡಕ್ಕೂ ಉತ್ತರವಾಗಿ ಒಂದು ಹಳೆಯ ಪ್ರಸಂಗವನ್ನು ಹೇಳುತ್ತೇವೆ.

1920ರಲ್ಲಿ ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ, ತೆಲುಗು ಮನೆತನವೊಂದರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಜಗತ್ತೇ ಗೌರವಿಸಿದ ಸಂಖ್ಯಾಶಾಸ್ತ್ರಜ್ಞರು. 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿಗೆ ಪಾತ್ರರಾಗಿ ಅದೇ ವರ್ಷ ತೀರಿಕೊಂಡರು. ಅವರು ತಮ್ಮ ಪುಸ್ತಕವೊಂದರಲ್ಲಿ ಬರೆದಿರುವ ಸಂಗತಿಯಿದು. 1947ರ ಗಲಭೆಯ ದಿನಗಳಲ್ಲಿ ದೆಹಲಿಯ ಕೆಂಪುಕೋಟೆಯೊಳಗೆ ಆಶ್ರಯ ಬೇಡಿ ಬಂದವರು ತುಂಬಿದ್ದರು. ಅವರ ಊಟದ ಗುತ್ತಿಗೆ ಹಿಡಿದವರ ಬಿಲ್ಲು ಬೆಟ್ಟದಷ್ಟಾಯಿತು. ಒಳಗೆ ಎಷ್ಟು ಜನರಿದ್ದಾರೆಂಬುದು ಸರಕಾರಕ್ಕೆ ತಿಳಿಯದು. ಆಗ ಸಂಖ್ಯಾಶಾಸ್ತ್ರಜ್ಞರು ಆ ಬಿಲ್ಲುಗಳನ್ನೇ ಮುಂದಿಟ್ಟುಕೊಂಡರು. ಒಬ್ಬರಿಗೆ ದಿನಕ್ಕೆ ಇಷ್ಟು ಎಂದು ಭಾಗಿಸಿದಾಗ, ಅಕ್ಕಿಯ ಲೆಕ್ಕದಲ್ಲಿ ಜನ ಬಹಳ, ಉಪ್ಪಿನ ಲೆಕ್ಕದಲ್ಲಿ ತೀರ ಕಡಿಮೆ! ಅವರು ಉಪ್ಪನ್ನೇ ನಂಬಿದರು. ಅಕ್ಕಿಗೆ ಬೆಲೆಯಿದೆ, ಹೆಚ್ಚು ಬರೆದರೆ ಲಾಭವೂ ಇದೆ. ಅಗ್ಗದ ಉಪ್ಪಿನಲ್ಲಿ ಸುಳ್ಳು ಬರೆದು ಯಾರಿಗೇನು ಸಿಕ್ಕೀತು?

ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯ ಸವೆಸಿದ ನಮ್ಮ ಹಿರಿಯರು ಇದನ್ನು ಕೇಳಿದರೆ ಮುಗುಳ್ನಗುವರು. ಸಾಮಾನಿನ ಚೀಟಿ ನೋಡಿ ಆ ದಿನದ ಗಿರಾಕಿಗಳನ್ನು ಅಂದಾಜು ಮಾಡುವುದು ಅವರಿಗೆ ಹೊಸತೇ? ಈ ಅಂಕಿಯನ್ನು ಬರೆದವರು ಯಾರು, ಏಕೆ ಬರೆದರು, ಎಲ್ಲಿ ನಿಂತು ಬರೆದರು ಎಂದು ಕೇಳುವ ಬುದ್ಧಿಯೇ ಈ ವಿದ್ಯೆಯ ಮೂಲಧನ. ಯಂತ್ರ ಆಮೇಲೆ ಬರುತ್ತದೆ.

ಎಲ್ಲಿ ನಿಂತು ಎಂಬ ಮಾತಿಗೆ ನಮ್ಮ ಮುಂಬಯಿಯೇ ಸಾಕ್ಷಿ. 2005ರ ಜುಲೈ 26ರ ಮಳೆಯನ್ನು ಮರೆತವರುಂಟೇ? 24 ಗಂಟೆಗಳಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಸುರಿಯಿತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74. ಕೊಲಾಬಾದ ಅಂಕಿಯೊಂದನ್ನೇ ನೋಡಿದವರು, ಉಪನಗರದವರು ಸುಮ್ಮನೆ ಗೋಳಾಡುತ್ತಾರೆ ಎಂದೇ ತಿಳಿಯಬಹುದಿತ್ತು. ನಗರದ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರು ಮಳೆಯ ಲೆಕ್ಕಕ್ಕೆ ಕಟ್ಟಿದವು. ಸಮುದ್ರದಲ್ಲಿ ಉಬ್ಬರವಿದ್ದಾಗ ಅಷ್ಟು ನೀರೂ ಹೊರಗೆ ಹೋಗದು.

ನಮ್ಮ ದಹಿಸರ್ ನದಿಯ ಗತಿಯೂ ಇದೇ. ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ, ತುಳಸಿ ಕೆರೆಯ ಕಡೆಯಿಂದ ಹೊರಟು ಶ್ರೀಕೃಷ್ಣನಗರ, ದೌಲತ್‌ನಗರಗಳನ್ನು ಹಾದು ಮನೋರಿಯ ಖಾರಿಯನ್ನು ಸೇರುವ ಈ ನದಿಗೆ ಮೇಲಿನಿಂದ ಕಾಡಿನ ಮಳೆ, ಕೆಳಗಿನಿಂದ ಕಡಲಿನ ಉಬ್ಬರ. ಎರಡೂ ಒಮ್ಮೆಲೇ ಬಂದ ದಿನ ದಂಡೆಯ ಮನೆಗಳಿಗೆ ನೀರು ನುಗ್ಗುತ್ತದೆ. ಯಾವ ಗಲ್ಲಿಗೆ ಎಷ್ಟು ನೀರು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಆ ಗಲ್ಲಿಯ ಮಕ್ಕಳಷ್ಟು ಚೆನ್ನಾಗಿ ಬಲ್ಲವರಾರು?

ಇಂಥ ಕೆಲಸಕ್ಕೆ ನಮ್ಮ ದೇಶದಲ್ಲಿ ಹಳೆಯ ಮೇಲ್ಪಂಕ್ತಿಯೂ ಇದೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನೇ ಹಿಡಿದು, ಮನೆಮನೆಗೆ ಹೋಗಿ ವಿಚಾರಿಸಿ, ಅಳೆದು, ತೂಗಿ, ವರದಿ ಒಪ್ಪಿಸುತ್ತ ಬಂದಿದ್ದಾರೆ. ಕರ್ನಾಟಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದರ ಹೊಣೆ ಹೊತ್ತು, ಹಳ್ಳಿಯ ಶಾಲೆಗಳ ಮಕ್ಕಳನ್ನೂ ರಾಷ್ಟ್ರಮಟ್ಟದ ವೇದಿಕೆಗೆ ಕರೆತಂದಿದೆ.

ಒಂದು ಎಚ್ಚರಿಕೆಯ ಮಾತು. ಬಹುಮಾನದ ಆಸೆಗೆ ಬಿದ್ದು ಸಿದ್ಧ ಅಂಕಿಗಳನ್ನು ತಂದು, ಬಣ್ಣದ ನಕ್ಷೆ ಬರೆದು ಗೆಲ್ಲುವುದು ಇಂದು ಕಷ್ಟವಲ್ಲ. ಆದರೆ ದಂಡೆಯ ಗುಡಿಸಲು ಯಾವ ಪಟ್ಟಿಯಲ್ಲೂ ಇರದಿದ್ದರೆ ಅದರ ನೋವು ನಕ್ಷೆಯಲ್ಲಿಯೂ ಇರದು. ನಕ್ಷೆಯಲ್ಲಿ ಇರದ ಮನೆಗೆ ಪಂಪೂ ಬಾರದು, ಪರಿಹಾರವೂ ಬಾರದು. ಬೇರೆ ಊರಿನಿಂದ ಬಂದು, ರೇಶನ್ ಕಾರ್ಡಿಗಾಗಿ, ಮತದಾರರ ಪಟ್ಟಿಗಾಗಿ ಸಾಲುಗಟ್ಟಿ ನಿಂತ ನಮಗೆ, ಲೆಕ್ಕದಿಂದ ಹೊರಗುಳಿಯುವುದೆಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದುದರಿಂದ ನಮ್ಮ ಮಕ್ಕಳು ಎಣಿಸಲು ಕೂತಾಗ ಬಿಟ್ಟುಹೋದವರಾರೆಂದು ಮೊದಲು ಕೇಳಲಿ. ಮಾರ್ಕಿನ ಪ್ರಶ್ನೆಗೆ ನಮ್ಮ ಉತ್ತರವಿಷ್ಟೇ: ಮಾರ್ಕು ಹೆಚ್ಚೀತೋ ಇಲ್ಲವೋ, ನೆರೆಮನೆಯ ಕಷ್ಟವನ್ನು ಸರಿಯಾಗಿ ಅಳೆಯಬಲ್ಲ ಮಗು ಯಾವ ಊರಿನಲ್ಲಿಯೂ ಪರಕೀಯನಾಗದು.

ಬರುವ ಮಳೆಗಾಲಕ್ಕೆ ತಾಯಂದಿರೂ ತಂದೆಯರೂ ಮಕ್ಕಳ ಕೈಗೆ ಒಂದು ನೋಟುಪುಸ್ತಕ, ಒಂದು ಅಳತೆಪಟ್ಟಿ ಕೊಡಲಿ. ದಿನದ ಮಳೆ, ಉಬ್ಬರದ ಹೊತ್ತು, ಗೋಡೆಯ ಮೇಲೆ ನೀರು ಉಳಿಸಿದ ಗೆರೆಯ ಎತ್ತರ, ಈ ಮೂರನ್ನು ಬರೆದಿಡಲಿ. ನೀರು ಪೂರ್ತಿ ಇಳಿದ ಮೇಲೆಯೇ ಅಳೆಯಬೇಕೆಂದು ಹಿರಿಯರು ಕಟ್ಟುನಿಟ್ಟು ಮಾಡಲಿ. ಅಂಥ ಪುಸ್ತಕವೊಂದು ನಮ್ಮ ಕೈಸೇರಿದರೆ, ಮುಂದಿನ ಸಂಚಿಕೆಯಲ್ಲಿ ಈ ಪುಟವನ್ನು ಅದಕ್ಕೇ ಸಂತೋಷದಿಂದ ಬಿಟ್ಟುಕೊಡುವೆವು.