ಬೆರ್ಚಪ್ಪ ಬಂದು ನ್ಯಾಯ ಕೊಡಲ್ಲ



ದೆವ್ವದ ಸಿನಿಮಾ ಅಂತ ಸ್ಕ್ರೋಲ್ ಮಾಡಿ ಮುಂದೆ ಹೋಗಬೇಡಿ. 1981ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ಟಿವಿ ಸಿನಿಮಾ ‘ಡಾರ್ಕ್ ನೈಟ್ ಆಫ್ ದಿ ಸ್ಕೇರ್‌ಕ್ರೋ’ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಮಾತಾಡಬೇಕು.

ಬಬ್ಬಾನದು ದೊಡ್ಡ ಮೈ, ಮಗುವಿನ ಮನಸ್ಸು. ನಾಯಿ ಕಚ್ಚಿದ ಪುಟ್ಟ ಹುಡುಗಿಯನ್ನು ಅವನೇ ಎತ್ತಿಕೊಂಡು ಮನೆಗೆ ತರ್ತಾನೆ. ಅವನೇ ಕೊಂದ ಅಂತ ಸುದ್ದಿ ಹಬ್ಬುತ್ತೆ. ತಾಯಿ ಮಗನನ್ನು ಹೊಲದ ಬೆರ್ಚಪ್ಪನ ವೇಷದೊಳಗೆ ಅಡಗಿಸ್ತಾಳೆ. ನಾಲ್ಕು ಜನ ಹುಡುಕಿಕೊಂಡು ಬರ್ತಾರೆ. ಗೋಣಿಬಟ್ಟೆಯ ತೂತಿನಲ್ಲಿ ಹೆದರಿದ ಎರಡು ಕಣ್ಣು. ನೋಡಿಯೂ ಗುಂಡು ಹಾರಿಸ್ತಾರೆ. ಆಮೇಲೆ ರೇಡಿಯೋದಲ್ಲಿ ಗೊತ್ತಾಗುತ್ತೆ, ಹುಡುಗಿ ಬದುಕಿದ್ದಾಳೆ, ಉಳಿಸಿದ್ದೇ ಬಬ್ಬಾ. ಆಗ ಗುಂಪಿನ ಮುಖಂಡ ಓಟಿಸ್, ಸಮವಸ್ತ್ರ ತೊಟ್ಟ ಪೋಸ್ಟ್‌ಮ್ಯಾನ್, ಹೆಣದ ಕೈಗೆ ಹುಲ್ಲೆತ್ತೋ ಕವಲುಗೋಲು ಇಡ್ತಾನೆ. ‘ಅವನೇ ಮೇಲೆ ಬಿದ್ದ, ಪ್ರಾಣ ಉಳಿಸಿಕೊಂಡೆವು.’ ಕೋರ್ಟು ಸಾಕ್ಷ್ಯ ಸಾಲದು ಅಂತ ಬಿಟ್ಟುಬಿಡುತ್ತೆ.

ಆಮೇಲೆ ಅವರ ಹೊಲಗಳಲ್ಲಿ ಬೆರ್ಚಪ್ಪ ಕಾಣಿಸ್ಕೊಳ್ಳುತ್ತೆ, ಒಬ್ಬೊಬ್ಬರೇ ಸಾಯ್ತಾರೆ. ಮಾಡ್ತಿರೋದು ತಾಯಿಯಾ, ಸರ್ಕಾರಿ ವಕೀಲನಾ, ದೆವ್ವಾನಾ ಅನ್ನೋದೇ ಕುತೂಹಲ. ರಕ್ತ ತೋರಿಸದೆ ಹೆದರಿಸ್ತಾರೆ.

ನನಗೆ ಭಯ ಆಗಿದ್ದು ಮಾತ್ರ ಆ ಕವಲುಗೋಲು ನೋಡಿ. ನಾನು ಗುಮಾಸ್ತ. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ ಅಂತ ಆಗೋದನ್ನ ದಿನಾ ನೋಡ್ತೀನಿ. ಬಬ್ಬಾ ಬಿಳಿಯ, ಕಥೆಯಲ್ಲಿ ಜಾತಿ ಇಲ್ಲ. ಆದರೆ ಆ ಖುಲಾಸೆ ನಮಗೆ ಹೊಸದಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟು ಕೊಂದರು. ಸಾಕ್ಷಿಗಳು ಕೋರ್ಟಿನಲ್ಲಿ ಹೇಳಿಕೆ ಬದಲಿಸಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ಊರಲ್ಲಿ ಬಾಳಬೇಕಾದ ಬಡವರು ಯಾಕೆ ಹೆದರ್ತಾರೆ ಅಂತ ಬಿಡಿಸಿ ಹೇಳಬೇಕಾ?

ಸಿನಿಮಾ ಅರ್ಧದವರೆಗೆ ಸತ್ಯ ಹೇಳಿ, ಉಳಿದರ್ಧ ಸಮಾಧಾನ ಹೇಳುತ್ತೆ. ಆ ಸಮಾಧಾನ ನನಗೂ ಇಷ್ಟ ಆಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ‘ಪಾಪ ಸುಮ್ಮನೆ ಬಿಡಲ್ಲ, ದೇವರು ನೋಡ್ಕೋತಾನೆ’ ಅಂತ ನಮ್ಮ ಹಿರಿಯರಿಗೆ ಹೇಳಿಕೊಂಡು ಬಂದದ್ದೂ ಇದನ್ನೇ. ಕೊಂದವರಿಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ.

ನಮ್ಮ ಕೈಯಲ್ಲಿರೋದು ಕಾನೂನು. ದೌರ್ಜನ್ಯ ತಡೆ ಕಾಯ್ದೆಗೆ 2016ರಿಂದ ಸೆಕ್ಷನ್ 15ಎ ಸೇರಿದೆ. ಸಂತ್ರಸ್ತರನ್ನು, ಸಾಕ್ಷಿಗಳನ್ನು ಕಾಪಾಡೋದು ಸರ್ಕಾರದ ಕರ್ತವ್ಯ ಅಂತ ಅದರಲ್ಲೇ ಇದೆ. ಕೇಳಿದರೆ ಮಾತ್ರ ಸಿಗುತ್ತೆ.

ನಿಮ್ಮ ತಾಲ್ಲೂಕಿನ ಅಟ್ರಾಸಿಟಿ ಕೇಸಿನ ಮುಂದಿನ ವಾಯಿದೆ ಯಾವತ್ತು ಅಂತ ವಿಚಾರಿಸಿ. ಸಾಕ್ಷಿ ಹೇಳೋರ ಜೊತೆ ನಾಲ್ಕು ಜನ ಕೋರ್ಟಿಗೆ ಹೋಗಿ ಕೂತ್ಕೊಳ್ಳಿ. ಸಿನಿಮಾ ಆಮೇಲೆ ನೋಡಿದರಾಯ್ತು.

ಜೈ ಭೀಮ್.