ನಡೆದ ಕೆಲಸಕ್ಕೆ ಒಂದು ಸಹಿ

ರಿಂಗ್ ರಸ್ತೆಯಾಚೆ ಮನೆ ಕಟ್ಟಿಕೊಂಡಿರುವ ನೆರೆಹೊರೆಯ ಬಂಧುಗಳೇ,

ಮೈಸೂರಿನ ಅಂಚಿನ ನಮ್ಮಂಥ ಬಡಾವಣೆಗಳಲ್ಲಿ ಮನೆಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸು. ಹಾಗಾಗಿ ಕಾಯಿಲೆಗಳೂ ಒಟ್ಟಿಗೇ ಶುರುವಾಗುತ್ತವೆ. ಒಬ್ಬರ ಮನೆಯಲ್ಲಿ ಫ್ಲಷ್ ಟ್ಯಾಂಕು ನಿಲ್ಲದೆ ಸುರಿಯುತ್ತಿದ್ದರೆ ಪಕ್ಕದವರ ಓವರ್‌ಹೆಡ್ ಟ್ಯಾಂಕಿನ ಬಾಲ್‌ಕಾಕ್ ಕೆಟ್ಟಿರುತ್ತದೆ. ಎದುರು ಮನೆಯ ತಾರಸಿಯ ಬಿರುಕು ಮಳೆಗಾಲಕ್ಕೆ ಕಾದು ಕೂತಿರುತ್ತದೆ. ಆಗ ನಮಗೆ ನೆನಪಾಗುವವರು ಹಾರ್ಡ್‌ವೇರ್ ಅಂಗಡಿ ಮುಂದೆ ಟಿವಿಎಸ್ ಎಕ್ಸೆಲ್ ನಿಲ್ಲಿಸಿಕೊಂಡು ಕೂರುವ ಪ್ಲಂಬರ್, ಎಲೆಕ್ಟ್ರಿಷಿಯನ್, ಗಾರೆ ಮೇಸ್ತ್ರಿ. ಅವರ ಪರವಾಗಿ ನಿಮ್ಮಲ್ಲಿ ಒಂದು ಮನವಿ.

ಈಚೆಗೆ ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಕೆಳಗೊಂದು ಪಾತ್ರೆ ಇಟ್ಟು ವಾರಗಟ್ಟಲೆ ಸುಮ್ಮನಿದ್ದೆ. ಸೆಕೆಂಡಿಗೊಂದು ಹನಿ ಅಂದರೂ ದಿನಕ್ಕೆ 86,400 ಹನಿ. ಕೊನೆಗೆ ಕರೆದಾಗ ಪ್ಲಂಬರ್ ಕಾಲು ಗಂಟೆಯಲ್ಲಿ ವಾಷರ್ ಬದಲಿಸಿ, ಟೆಫ್ಲಾನ್ ಟೇಪು ಸುತ್ತಿ ಎದ್ದರು. ಮುನ್ನೂರು ಕೇಳಿದರು. ‘ಇಷ್ಟಕ್ಕೆ ಮುನ್ನೂರಾ?’ ಅಂತ ಬಾಯಿಗೆ ಬಂದೇಬಿಟ್ಟಿತು. ಇನ್ನೂರೈವತ್ತು ಕೊಟ್ಟೆ. ಅವರು ವಾದ ಮಾಡಲಿಲ್ಲ. ‘ಸಾರ್, ಲೇಬರ್ ಕಾರ್ಡಿಗೆ ಹಾಕ್ತಿದೀನಿ. ನಿಮ್ಮನೇಲಿ ಕೆಲ್ಸ ಮಾಡಿದೀನಿ ಅಂತ ಒಂದು ಸಹಿ ಹಾಕ್ತೀರಾ?’ ಎಂದರು. ‘ಭಾನುವಾರ ಬನ್ನಿ, ನೋಡೋಣ’ ಎಂದೆ. ಆ ಭಾನುವಾರ ನಾನೇ ಮನೆಯಲ್ಲಿರಲಿಲ್ಲ.

ಅವರು ಕೇಳಿದ್ದು ಏನೆಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾನೂನು ಹೊಸ ಕಟ್ಟಡ ಕಟ್ಟುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ದುರಸ್ತಿಯನ್ನೂ ನಿರ್ವಹಣೆಯನ್ನೂ ಕಟ್ಟಡ ಕೆಲಸವೆಂದೇ ಹೇಳಿತು. 18ರಿಂದ 60ರೊಳಗಿನ ವಯಸ್ಸಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಇಂಥ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಆ ಕಾರ್ಡು ಕೈಯಲ್ಲಿದ್ದರೆ ಅಪಘಾತದಲ್ಲಿ ನೆರವು, ಮಕ್ಕಳ ಓದಿಗೆ ಸಹಾಯ, ವಯಸ್ಸಾದ ಮೇಲೆ ಪಿಂಚಣಿ ಇಂಥವಕ್ಕೆ ಅರ್ಜಿ ಹಾಕುವ ದಾರಿ ತೆರೆಯುತ್ತದೆ.

ತೊಡಕಿರುವುದು ಆ 90 ದಿನದಲ್ಲಿ. ದೊಡ್ಡ ಕಟ್ಟಡದಲ್ಲಿ ದುಡಿಯುವವರಿಗೆ ಒಬ್ಬ ಕಂಟ್ರಾಕ್ಟರ್ ಇರುತ್ತಾನೆ, ಬರೆದುಕೊಡುತ್ತಾನೆ. ನಮ್ಮ ಪ್ಲಂಬರಿಗೆ ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಇನ್ನೊಂದು. ವರ್ಷವಿಡೀ ದುಡಿದರೂ ದುಡಿದದ್ದಕ್ಕೆ ಒಂದು ಚೂರು ಕಾಗದವಿಲ್ಲ. ಇತ್ತ ಕರಣೆ ಮುಟ್ಟದವರ ಕೈಯಲ್ಲೂ ಲೇಬರ್ ಕಾರ್ಡ್ ಸಿಕ್ಕ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ, ಓದಿ ಸಿಟ್ಟಾಗಿದ್ದೇವೆ. ಸುಳ್ಳಿಗೆ ಸಹಿ ಹಾಕುವವರು ಸುಲಭವಾಗಿ ಸಿಗುತ್ತಾರೆ. ನಿಜಕ್ಕೆ ಸಹಿ ಹಾಕಬೇಕಾದ ನಾವು ಭಾನುವಾರ ಬನ್ನಿ ಎನ್ನುತ್ತೇವೆ.

ಆದ್ದರಿಂದ ನಮ್ಮ ಕ್ಷೇಮಾಭಿವೃದ್ಧಿ ಸಂಘದ ಕಚೇರಿಯಲ್ಲಿ ಒಂದು ಉದ್ದ ಪುಸ್ತಕ ಇಡೋಣ. ತಾರೀಖು, ಮನೆ ನಂಬರು, ಕೆಲಸ, ಕೊಟ್ಟ ಕೂಲಿ, ನಿಮ್ಮ ಸಹಿ, ಇಷ್ಟೇ ಸಾಲದು; ಕೆಲಸ ಮಾಡಿದವರ ಹೆಸರೂ ಇರಲಿ. ಈ ಪುಸ್ತಕವೇ ಅರ್ಜಿಯಲ್ಲ. ಆದರೆ ನಾಳೆ ನಮೂನೆಗೆ ದೃಢೀಕರಣ ಬೇಕಾದಾಗ ಲೆಕ್ಕ ಹೇಳಲು ಸಾಕ್ಷಿಯಾಗುತ್ತದೆ. ನಮಗೂ ಲಾಭವಿದೆ: ಯಾರ ಕೆಲಸ ನಿಂತಿತು, ಯಾರದ್ದು ಮತ್ತೆ ಸೋರಿತು, ಯಾವ ಕೆಲಸಕ್ಕೆ ಎಷ್ಟು ಕೂಲಿ ಎಂಬುದು ಹೊಸದಾಗಿ ಬಂದ ಬಾಡಿಗೆದಾರರಿಗೂ ಗೊತ್ತಾಗುತ್ತದೆ.

ಜೊತೆಗೆ ಇನ್ನು ಕೆಲವು ಮಾತು. ಕೂಲಿಯನ್ನು ಕೆಲಸಕ್ಕೆ ಮೊದಲೇ ಮಾತಾಡಿಕೊಳ್ಳಿ, ಮುಗಿದ ಮೇಲೆ ಚೌಕಾಸಿ ಬೇಡ. ಕಾಲು ಗಂಟೆಯ ಕೆಲಸದ ಹಿಂದೆ ಅಂಗಡಿಗೆ ಎರಡು ಓಡಾಟ, ಪೆಟ್ರೋಲು, ಕೆಲಸ ಸಿಗದ ನಾಳೆ ಎಲ್ಲ ಇರುತ್ತದೆ. ಕರೆಂಟಿನ ಕೆಲಸವಾದರೆ ಮೇನ್ ಸ್ವಿಚ್ ಆಫ್ ಆಗಿದೆಯೇ ಎಂದು ನೀವೂ ಒಮ್ಮೆ ನೋಡಿ. ಸ್ವಿಚ್ಚು, ಫ್ಯಾನು ಸರಿ. ಇಡೀ ಮನೆಯ ವೈರಿಂಗ್ ಬದಲಿಸುವುದು, ಲೋಡ್ ಹೆಚ್ಚಿಸುವುದು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೆಲಸ. ಬಹಳ ದಿನ ಮುಚ್ಚಿದ್ದ ಸಂಪಿನೊಳಗೆ ಉಸಿರಾಡುವ ಗಾಳಿಯೇ ಇರದಿರಬಹುದು. ಅದರೊಳಗೆ ಡೀಸೆಲ್ ಪಂಪು ಓಡಿಸಿದರಂತೂ ಹೊಗೆಯೇ ಪ್ರಾಣ ತೆಗೆದೀತು. ಗಾಳಿಯಾಡಿಸದೆ, ಮೇಲೊಬ್ಬರು ನಿಲ್ಲದೆ ಯಾರನ್ನೂ ಇಳಿಸಬೇಡಿ. ಸೆಪ್ಟಿಕ್ ಟ್ಯಾಂಕಿಗಂತೂ ‘ಐನೂರು ಜಾಸ್ತಿ ಕೊಡ್ತೀನಿ, ಇಳಿ’ ಎನ್ನುವ ಮಾತೇ ಬೇಡ. ಅಪಾಯಕ್ಕೆ ದೂಡಿ ಹಾಗೆ ಶುಚಿ ಮಾಡಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಸಕ್ಕಿಂಗ್ ಮೆಷಿನ್ ಕರೆಸಿ.

ಪುಸ್ತಕ ತಂದಾಗಿದೆ. ಮೊದಲ ಪುಟದ ಮೊದಲ ಸಾಲಿನಲ್ಲಿ ನಮ್ಮ ಅಡುಗೆಮನೆಯ ನಲ್ಲಿ ಇದೆ. ಕೂಲಿಯ ಕಾಲಮ್ಮಿನಲ್ಲಿ 300 ಎಂದು ಬರೆದಿದ್ದೇನೆ; ಉಳಿಸಿಕೊಂಡಿದ್ದ ಐವತ್ತನ್ನು ಕೈಗಿತ್ತ ಮೇಲೆ. ಎರಡನೆಯ ಸಾಲು ಖಾಲಿಯಿದೆ, ಬನ್ನಿ.